ನಾನು ತಿಂದ ನಾಲ್ಕು ನೂರು ವರ್ಷ

ಹಲಸಿನಕಾಯಿ ಹಪ್ಪಳಕ್ಕೆ ಹಸಿಯಿದ್ದಾಗ ಒಂದು ವಾಸನೆ, ಪೂರ್ತಿ ಒಣಗಿದ ಮೇಲೆ ಇನ್ನೊಂದು. ಇವೆರಡರ ನಡುವೆ, ಮಧ್ಯಾಹ್ನ ಎರಡರ ಸುಮಾರಿಗೆ, ಅಂಚು ಗಟ್ಟಿಯಾಗಿ ನಡು ಇನ್ನೂ ಮೆತ್ತಗಿರುವಾಗ, ಬೇಯಿಸಿದ ತೊಳೆ, ಮೆಣಸಿನಕಾಯಿ, ಜೀರಿಗೆ, ಬಿಸಿಲಿಗೆ ಕಾದ ಹಳೆಯ ಹತ್ತಿ ಸೀರೆ ಎಲ್ಲ ಸೇರಿ ಮೂರನೆಯದೊಂದು ವಾಸನೆ ಏಳುತ್ತದೆ. ಈ ಬೇಸಿಗೆಯಲ್ಲಿ ಶಿರಸಿಯ ನಮ್ಮ ತಾರಸಿಯ ಮೇಲೆ ಆ ವಾಸನೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಹಪ್ಪಳ ಎಣಿಸಿದ್ದು. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುವವಳು, ಮುಕ್ಕಾಲು ಗಂಟೆ ಮೊದಲೇ ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸು ಹೋಗಿಯೇಬಿಟ್ಟಿತೇನೋ ಎಂದು ಹೆದರುವವಳು ನಾನು. ನನ್ನ ಚಿಂತೆಗಳಲ್ಲಿ ಬಹುಪಾಲಿಗೆ ಬುಡವಿಲ್ಲ. ಹಪ್ಪಳದ್ದಕ್ಕೆ ಮಾತ್ರ ಇದೆ. ಹತ್ತು ವರ್ಷದವಳಿದ್ದಾಗ ನಾನು ನಾಲ್ಕು ನೂರು ವರ್ಷಗಳನ್ನು ತಿಂದುಬಿಟ್ಟಿದ್ದೆ.

ಅಪ್ಪನ ಅಕ್ಕ ಸರಸತ್ತೆ ಸಿದ್ದಾಪುರ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಹಿಂದೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಹಪ್ಪಳ, ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಯಲ್ಲಾಪುರದಿಂದ ಬೇಸಿಗೆ ರಜೆಗೆಂದು ನನ್ನನ್ನು ಅವಳಲ್ಲಿ ಬಿಡುತ್ತಿದ್ದರು. ಅವಳ ಕಾಲದಲ್ಲಿ ಏಳನೆಯ ಇಯತ್ತೆಯ ಕೊನೆಗೆ ಇರುತ್ತಿದ್ದ ಮುಲ್ಕಿ ಪರೀಕ್ಷೆಯನ್ನು ಪಾಸು ಮಾಡಿ, ಮುಂದೆ ಓದಲಾಗದೆ ಉಳಿದವಳು ಅವಳು. ಪೆಟ್ಟಿಗೆಯಲ್ಲಿ ರಟ್ಟು ಕಿತ್ತುಹೋದ ಒಂದು ಪ್ರಪಂಚ ಚರಿತ್ರೆಯ ಪಾಠದ ಪುಸ್ತಕವಿತ್ತು. ಓಣಿಯ ಮಕ್ಕಳು ಹಪ್ಪಳಕ್ಕೆ ಕಾಗೆ ಕಾಯಲು ಬರುತ್ತಿದ್ದರಲ್ಲ, ಅವರನ್ನು ಸುಮ್ಮನೆ ಕೂರಿಸುವುದು ಹೇಗೆಂದು ಯೋಚಿಸಿ ಅವಳು ಚರಿತ್ರೆಯನ್ನೇ ಬಿಸಿಲಿಗೆ ಹಾಕಿದಳು.

ಮನೆಯ ಮಗ್ಗುಲಿನ ಉದ್ದ ಓಣಿಯಲ್ಲಿ ಹಳೆಯ ಸೀರೆಯೊಂದನ್ನು ಹಾಸಿ, ಹೊಸಿಲಿಗೆ ದೂರದ ತುದಿಯಿಂದ ಶುರುಮಾಡಿ ಒಂದೇ ಸಾಲಿನಲ್ಲಿ ನಲವತ್ತೈದು ಹಪ್ಪಳ ಹಾಕುತ್ತಿದ್ದಳು. ಒಂದು ಹಪ್ಪಳಕ್ಕೆ ನೂರು ವರ್ಷ. ಮೊದಲು ಹಾಕಿದ್ದರ ಪಕ್ಕ ಹೆಂಚಿನ ಮುಕ್ಕೋನದ ಚೂರು: ಅದು ಈಜಿಪ್ಟಿನ ಪಿರಮಿಡ್ಡು. ನಮ್ಮ ಕಡೆಯಿಂದ ಎಣಿಸಿದರೆ ಇಪ್ಪತ್ತೈದನೆಯದರ ಪಕ್ಕ ಅಶ್ವತ್ಥದ ಎಲೆ, ಬುದ್ಧ. ಇಪ್ಪತ್ತನೆಯದಕ್ಕೆ ಅಡ್ಡ ಕಟ್ಟಿದ ಎರಡು ಪೊರಕೆಯ ಹಿಡಿಕಡ್ಡಿ, ಯೇಸು. ಐದನೆಯದಕ್ಕೆ ಒಂದು ಒಣಮೆಣಸಿನಕಾಯಿ. ಪೋರ್ಚುಗೀಸರ ಹಡಗು ನಮ್ಮ ಕಾಳುಮೆಣಸು ಹುಡುಕಿಕೊಂಡು ಬಂದ ಮೇಲೆಯೇ ಈ ಕೆಂಪು ಮೆಣಸು ನಮ್ಮ ಅಡುಗೆಮನೆ ಹೊಕ್ಕಿದ್ದು, ಅದಕ್ಕೂ ಹಿಂದಿನ ಯಾವ ರಾಜನೂ ಖಾರದ ಹಪ್ಪಳ ತಿಂದವನಲ್ಲ ಎಂದು ಅತ್ತೆ ಹೇಳಿದಾಗ ನಮಗೆ ರಾಜರ ಮೇಲೆ ಕನಿಕರ ಬಂದಿತ್ತು. ಹಳೆಯ ಕಾಲ ಗರಿಗರಿಯಾಗಿ ಒಣಗಿರುತ್ತಿತ್ತು. ಹೊಸಿಲಿನ ಹತ್ತಿರದ ಕೊನೆಯ ಹಪ್ಪಳ ಮಾತ್ರ ಒದ್ದೆ. ಗಾಂಧೀಜಿ, ಚಂದ್ರನ ಮೇಲೆ ಇಳಿದವರು, ನಾವು, ಎಲ್ಲ ಅದರಲ್ಲೇ.

“ಇದು ನಮ್ದು, ತಂಗಿ. ಇನ್ನೂ ಒಣಗಿದ್ದಿಲ್ಲೆ. ಮುಟ್ಟಡ,” ಎನ್ನುತ್ತಿದ್ದಳು.

ಆ ವರ್ಷ ಪೇಟೆಯಲ್ಲಿ ಒಂದು ಶಿಶುವಿಹಾರ ತೆರೆಯುವುದಿತ್ತು. ಕಲಿಸುವವರು ಬೇಕಾಗಿದ್ದರು. ಅತ್ತೆಯ ಹಪ್ಪಳದ ಪಾಠದ ಸುದ್ದಿ ಯಾರಿಂದಲೋ ಕೇಳಿ, ಅದರ ದೊಡ್ಡ ಅಕ್ಕೋರು, ಅಂದರೆ ಮುಖ್ಯ ಶಿಕ್ಷಕಿ, ಹಾವೇರಿ ಕಡೆಯವರು, ಒಂದು ಮಧ್ಯಾಹ್ನ ಬಂದು ನೋಡುತ್ತೇನೆಂದು ಹೇಳಿ ಕಳಿಸಿದರು. ಅತ್ತೆ ಹಿಂದಿನ ದಿನವೇ ಒಳ್ಳೆಯ ಸೀರೆ ಮಡಿಸಿಟ್ಟಳು. “ಕುರ್ಚಿ ಮೇಲೆ ಕುಂತ್ಕಂಡು ಪಾಠ ಹೇಳದು ಹೆಂಗಿರ್ತೇನ,” ಎಂದು ಒಮ್ಮೆ ತನ್ನಷ್ಟಕ್ಕೇ ಅಂದಳು. ಅವಳು ತನಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವಳು ಒಳಗೆ ಸೀರೆ ಉಡುತ್ತಿದ್ದಾಗ ನಾನು ಹಪ್ಪಳ ಕಾಯುತ್ತಿದ್ದೆ. ಆ ಮೂರನೆಯ ವಾಸನೆ ಎದ್ದಿತ್ತು. ಅರೆ ಒಣಗಿದ ಹಪ್ಪಳಕ್ಕೆ ಕೊಬ್ಬರಿ ಎಣ್ಣೆ ಸವರಿ ತಿಂದವರಿಗೆ ನನ್ನ ಸಂಕಟ ಗೊತ್ತು. ಆಗಲೂ ನಾನು ಯೋಚಿಸದೆ ಏನೂ ಮಾಡುವವಳಲ್ಲ. ಪಿರಮಿಡ್ಡು ಮುಟ್ಟುವಂತಿಲ್ಲ, ಬುದ್ಧನನ್ನಂತೂ ಇಲ್ಲವೇ ಇಲ್ಲ. ಎಲೆಗೂ ಕಡ್ಡಿಗೂ ನಡುವಿನ ನಾಲ್ಕರ ಪಕ್ಕ ಯಾವ ಗುರುತೂ ಇರಲಿಲ್ಲ. ಅಂದಮೇಲೆ ಆಗ ಏನೂ ನಡೆದಿಲ್ಲ ಎಂದು ತೀರ್ಮಾನಿಸಿ ನಾಲ್ಕನ್ನೂ ತಿಂದೆ. ಸಾಮ್ರಾಟ ಅಶೋಕನೂ ಚೀನಾದ ಮಹಾಗೋಡೆ ಕಟ್ಟಿಸಿದ ದೊರೆಯೂ ಆ ನಾಲ್ಕರೊಳಗೇ ಇದ್ದರೆಂದು ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ. ತಿಂದ ಮೇಲೆ ಭಯವಾಯಿತು. ಖಾಲಿ ಜಾಗ ಕಾಣಬಾರದೆಂದು ಆ ಕಡೆಯ ಹಪ್ಪಳಗಳನ್ನೆಲ್ಲ ಒಂದೊಂದಾಗಿ ಎಬ್ಬಿಸಿ ಈಚೆ ಸರಿಸಿದೆ. ಎಲೆ, ಹೆಂಚಿನ ಚೂರು ಕೂಡ ಅವುಗಳ ಜೊತೆ ಬಂದವು.

ಅಕ್ಕೋರು ಬಂದರು. ಪಕ್ಕದ ಮನೆಯ ಎಂಟು ವರ್ಷದ ಸುಮತಿಯನ್ನು ಕರೆದು, “ಬುದ್ಧ ಎಷ್ಟು ವರ್ಷದ ಹಿಂದ ಇದ್ದನವಾ?” ಎಂದು ಕೇಳಿದರು. ಸುಮತಿ ಹೊಸಿಲಿನಿಂದ ಎಣಿಸುತ್ತ ನಡೆದು, “ಎರಡು ಸಾವಿರದ ನೂರು,” ಎಂದಳು.

“ಮತ್ತ ಯೇಸು?”

“ಎರಡು ಸಾವಿರ.”

ಅಕ್ಕೋರು ಅತ್ತೆಯ ಕಡೆ ತಿರುಗಿದರು. “ಇಬ್ಬರಿಗೂ ನೂರ ವರ್ಷದ್ದು ಅಷ್ಟ ಅಂತರ ಏನ್ರಿ? ಹಪ್ಪಳ ಛಲೋ ಆಗ್ಯಾವ. ಅದನ್ನ ಮಾಡ್ರಿ ನೀವು.”

ಅತ್ತೆ ಸೀರೆಯ ಆ ತುದಿ ನೋಡಿದಳು. ಅಲ್ಲಿ ಹಪ್ಪಳವಿಲ್ಲದ ನಾಲ್ಕು ಎಣ್ಣೆಯ ವೃತ್ತಗಳು ಉಳಿದಿದ್ದವು. ಆಮೇಲೆ ನನ್ನ ಬಾಯಿ ನೋಡಿದಳು. ನಾನು ಹೇಳುತ್ತೇನೆಂದು ಒಂದು ಗಳಿಗೆ ಕಾದಳು ಅಂತ ಈಗ ಅನಿಸುತ್ತದೆ. ನಾನು ಹೇಳಲಿಲ್ಲ. “ಇಡೋವಾಗ ನಂದೇ ತಪ್ಪಾಯ್ತು, ಅಕ್ಕೋರೆ,” ಎಂದಳು ಅತ್ತೆ. ಕೆಲಸ ಬೇರೆಯವರಿಗಾಯಿತು.

ಅವಳು ಬೈಯಲಿಲ್ಲ. ಸಂಜೆ ಹಪ್ಪಳ ಎತ್ತುವಾಗ ಇಷ್ಟೇ ಅಂದಳು: “ತಿಂದ್ರೆ ತಿನ್ನು, ತಂಗಿ. ಸರ್ಸಲಾಗ. ಖಾಲಿ ಜಾಗನ ಹಾಂಗೇ ಬಿಡವು.”

ಆ ಮನೆಯಿದ್ದಲ್ಲಿ ಈಗ ಮೊಬೈಲ್ ಅಂಗಡಿಗಳ ಕಟ್ಟಡವಿದೆ. ಅತ್ತೆ ಹೋಗಿಯೂ ವರ್ಷಗಳಾದವು. ಕೊನೆಯ ಸಲ ನೋಡಲು ಹೋದಾಗಲೂ ಹೇಳಬೇಕೆಂದುಕೊಂಡು, ಸುಮ್ಮನೆ ಮಾತ್ರೆಯ ಚೀಟಿ ಮೂರು ಸಲ ಓದಿ ಬಂದೆ.

ಈಗ ನಾನೇ ಅತ್ತೆ. ತಮ್ಮನ ಮಗಳು ಧನ್ಯಾಗೆ ಎಂಟು ವರ್ಷ. ಅವಳಿಗೆಂದೇ ಈ ಸಲ ತಾರಸಿಯಲ್ಲಿ ಸೀರೆ ಹಾಸಿ ನಲವತ್ತೊಂದು ಹಪ್ಪಳ ಹಾಕಿದೆ. ಎಲೆಗೂ ಕಡ್ಡಿಗೂ ನಡುವೆ ನಾಲ್ಕು ಹಪ್ಪಳದಷ್ಟು ಜಾಗ ಬಿಟ್ಟೆ.

“ಇಲ್ಲಿದ್ದಿದ್ದು ಎಂತಾತು, ಅತ್ತೆ?” ಎಂದಳು.

“ಆನು ತಿಂದಿ,” ಎಂದೆ. ತಿಂದದ್ದು ನಾನೆಂದು ಬಾಯಿಬಿಟ್ಟಿದ್ದು ನಲವತ್ತು ವರ್ಷಕ್ಕೆ ಅದೇ ಮೊದಲ ಸಲ. ಪೂರ್ತಿ ಕಥೆ ಹೇಳಿದೆ.

ಅವಳು ಸಾಲಿನ ಉದ್ದಕ್ಕೂ ಒಮ್ಮೆ ನಡೆದು ಬಂದು, “ಹಂಗಾರೆ ಸರಸತ್ತೆ ಯಾವ ಹಪ್ಪಳದಲ್ಲಿ ಇದ್ದು?” ಎಂದಳು.

ಎಣಿಸಿ ನೋಡಿದೆ, ಎರಡು ಸಲ. ಅತ್ತೆ ಹುಟ್ಟಿ ಇನ್ನೂ ನೂರು ವರ್ಷವಾಗಿಲ್ಲ. ಕೊನೆಯದನ್ನು ತೋರಿಸಿದೆ.

“ನೀನು?”

“ಆನೂ ಅದ್ರಲ್ಲೇ.”

ಧನ್ಯಾ ಬೆರಳು ಚಾಚಿದಳು. ಬೇಡವೆಂದೆ. ಅದಿನ್ನೂ ಒಣಗಿರಲಿಲ್ಲ.