ಹಾಲು ಉಕ್ಕಿದ ವ್ಯಾನು

ಹಳೆಯ ವ್ಯಾನಿಗೆ ಹಾಸಿಗೆ, ಗ್ಯಾಸ್ ಒಲೆ ಜೋಡಿಸಿಕೊಂಡು ನಾನೂ ಹೆಂಡತಿಯೂ ಹೊರಟ ಮೊದಲ ಪ್ರವಾಸ. ಕ್ಯಾತನಹಳ್ಳಿಯ ಬಳಿ ರಸ್ತೆ ಬದಿ ನಿಲ್ಲಿಸಿ ಕಾಫಿಗೆ ಹಾಲಿಟ್ಟೆವು. ಅಂಚಿನ ಮಣ್ಣು ಕುಸಿದು ವ್ಯಾನು ಕಬ್ಬಿನ ಗದ್ದೆಯ ಕಾಲುವೆಯತ್ತ ವಾಲಿತು. ಉಕ್ಕುತ್ತಿದ್ದ ಹಾಲೂ ಆ ಕಡೆಗೇ ಚೆಲ್ಲಿತು. “ಮೊದಲ ದಿನವೇ ಹೀಗಾಯಿತಲ್ಲ” ಎಂದು ಹೆಂಡತಿ ಕಣ್ಣೀರಿಟ್ಟಳು.

ಟ್ರಾಕ್ಟರಿನಲ್ಲಿ ಬಂದ ಗೌಡರೊಬ್ಬರು ಹಗ್ಗ ಕಟ್ಟಿ ವ್ಯಾನನ್ನು ಮೇಲಕ್ಕೆಳೆದರು. ಆಮೇಲೆ ಒಳಗೆ ಇಣುಕಿ, “ಒಸ ಮನೆಯೇನವ್ವಾ? ಆಲು ಯಾವ ಕಡೀಕ್ ಉಕ್ತು?” ಎಂದರು.

ಅವಳು ಕಾಲುವೆಯತ್ತ ಕೈ ತೋರಿಸಿದಳು. ಗೌಡರು ಸೂರ್ಯನನ್ನು ನೋಡಿ ದಿಕ್ಕು ಗೊತ್ತುಮಾಡಿಕೊಂಡರು.

“ಮೂಡ್ಲಿಗೇ ಉಕ್ಕೈತೆ! ಮನೆ ಒಕ್ಲಾಯ್ತು ಬುಡವ್ವ, ಅಳ್ಬ್ಯಾಡ.”

ಅವಳು ನಕ್ಕು, ಉಳಿದ ಹಾಲಿನಲ್ಲಿ ಕಾಫಿ ಮಾಡಿ ಅವರನ್ನು ಕರೆದಳು. ಗೌಡರು ಕೆಸರಿನ ಚಪ್ಪಲಿಗಳನ್ನು ಡಾಂಬರಿನ ಮೇಲೆ ಬಿಟ್ಟು, ಬಲಗಾಲಿಟ್ಟು ವ್ಯಾನು ಹತ್ತಿದರು.