ತಾಡಪತ್ರಿಯಲ್ಲಿ ಒಂದು ತೂತು

ಗಾಳಿಮಳೆ ಬರುತ್ತದೆ ಎಂದು ಟಿವಿಯವರು ನಾಲ್ಕು ದಿನ ಮೊದಲೇ ಕಿರುಚಲು ಶುರು ಮಾಡಿದ್ದರು. ಮೇ ತಿಂಗಳು ಇನ್ನೂ ಮುಗಿದಿರಲಿಲ್ಲ. ಮೊದಲೆಲ್ಲ ಮುಂಬಯಿಗೆ ಮಳೆ ಜೂನಿನಲ್ಲಿ ಬರುತ್ತಿತ್ತು, ಅದೂ ನಾಲ್ಕು ಹನಿ ಉದುರಿಸಿ ಹೇಳಿ ಬರುತ್ತಿತ್ತು. ಈಗ ಸೆಕೆಯ ಮಧ್ಯದಲ್ಲೇ ಬಿರುಗಾಳಿ ನುಗ್ಗುತ್ತದೆ. ಹಪ್ಪಳ ಒಣಗುವ ದಿನಗಳಲ್ಲೇ ಮನೆಯನ್ನೂ ಭದ್ರ ಮಾಡಿಕೊಳ್ಳಬೇಕು.

ನಮ್ಮದು ಚೆಂಬೂರಿನ ಹಳೆಯ ಚಾಳು. ನಡುವೆ ಅಂಗಳ, ಅದರ ಎರಡೂ ಬದಿಗೆ ಎದುರುಬದುರಾಗಿ ಒಂದೊಂದೇ ಕೋಣೆಯ ಖೋಲಿಗಳ ಸಾಲು, ಪ್ರತಿ ಸಾಲಿನ ಮುಂದೆ ಉದ್ದದ ಗ್ಯಾಲರಿ. ನಾನಿರುವುದು ಎರಡನೇ ಮಾಳಿಗೆಯಲ್ಲಿ, ಒಬ್ಬಳೇ. ಗಂಡ ಹೋಗಿ ಒಂಬತ್ತು ವರ್ಷವಾಯಿತು. ಮಗ ಅಂಧೇರಿಯಲ್ಲಿದ್ದಾನೆ. ಗಾಳಿಯ ಸುದ್ದಿ ಬಂದಾಗಲೆಲ್ಲ ಮೊಮ್ಮಗಳ ಕೈಯಲ್ಲಿ ಫೋನ್ ಕೊಡುತ್ತಾನೆ.

"ಅಜ್ಜಿ, ತೂಫಾನ್ ಬರ್ತದೆ. ನೀವು ಇಲ್ಲಿ ಆ ಜಾವೋ."

"ನಿನ್ನ ಕೋಣೆಯಲ್ಲಿ ನನಗೆ ಜಾಗ ಉಂಟಾ?"

"ಸೋಫಾ ಉಂಟು ಅಜ್ಜಿ."

ಅವರ ಸೋಫಾದಲ್ಲಿ ಒಮ್ಮೆ ಮಲಗಿ ಬಂದಿದ್ದೇನೆ. ಎಲ್ಲರೂ ಕೆಲಸಕ್ಕೆ ಹೋಗುವವರೆಗೆ ಕಾಲು ಮಡಚಿ ಕೂರಬೇಕು, ಹೋದ ಮೇಲೆ ಗೋಡೆ ನೋಡಬೇಕು. ಗೋಡೆ ನನ್ನ ಮನೆಯಲ್ಲೂ ಇದೆ.

ಗಾಳಿಮಳೆಯ ತಯಾರಿ ಮಾಡುವಾಗ ಮನೆಯಲ್ಲಿ ಒಬ್ಬಳೇ ಇದ್ದರೂ ಕೆಲಸ ಕಡಿಮೆಯಾಗುವುದಿಲ್ಲ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ ಎಂದು ಡ್ರಮ್ಮಿನಿಂದ ಹಿಡಿದು ಚೊಂಬಿನವರೆಗೆ ನೀರು ತುಂಬಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು, ಗಂಡನ ಸಾವಿನ ಕಾಗದ, ಎಲ್ಲವನ್ನೂ ತೊಳೆದ ಹಾಲಿನ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಇಳಿಸಿದೆ. ಅಟ್ಟದ ತಾಮ್ರದ ಹಂಡೆ ತಲೆಯ ಮೇಲೆ ಬಿದ್ದೀತೆಂದು ಕೆಳಗಿಳಿಸಿದೆ. ಇಳಿಸುವಾಗಲೇ ಬೀಳುವುದರಲ್ಲಿತ್ತು. ಹೊಸ್ತಿಲಿಗೆ ಅಡ್ಡವಾಗಿ ಗೋಣಿಚೀಲ ಸುತ್ತಿಟ್ಟೆ.

ಉಳಿದದ್ದು ತಾಡಪತ್ರಿ. ಊರಿನಲ್ಲಿ ಟರ್ಪಾಲು ಅನ್ನುತ್ತೇವೆ, ನೀಲಿ ಪ್ಲಾಸ್ಟಿಕ್ ಹಾಳೆ. ಮಳೆ ಒಳಗೆ ಹೊಡೆಯದ ಹಾಗೆ ಗ್ಯಾಲರಿಗೆ ಅದನ್ನು ಕಟ್ಟುತ್ತಾರೆ. ಮೊದಲು ಅವರವರ ಬಾಗಿಲಿನೆದುರು ಅವರವರೇ ಕಟ್ಟಿಕೊಳ್ಳುತ್ತಿದ್ದರು. ನಾನು ಒಂದು ಮೂಲೆಯಲ್ಲಿ ಮೊಳದಷ್ಟು ಜಾಗ ಬಿಟ್ಟೇ ಕಟ್ಟಿಸುತ್ತಿದ್ದೆ. ಅದಕ್ಕೊಂದು ಕಾರಣವಿತ್ತು.

ನನ್ನ ಎದುರು ಸಾಲಿನಲ್ಲಿ, ಅದೇ ಮಾಳಿಗೆಯಲ್ಲಿ, ವಿಜಾಪುರ ಕಡೆಯ ಒಬ್ಬ ಮುಸಲ್ಮಾನ ಹೆಂಗಸು ಇದ್ದಾಳೆ. ಅವಳ ಗಂಡ ದರ್ಜಿ. ಅವನೂ ಹೋಗಿಬಿಟ್ಟ. ಒಬ್ಬಳೇ ಮಗಳು ಭಿವಂಡಿಯಲ್ಲಿ. ಕೆಲವು ವರ್ಷದ ಹಿಂದೆ ನಮ್ಮ ಮೂಲೆ ಖೋಲಿಯ ಮುದುಕ ಸತ್ತು ಮೂರು ದಿನ ಒಳಗೇ ಬಿದ್ದಿದ್ದ. ವಾಸನೆ ಬಂದ ಮೇಲೆ ಬಾಗಿಲು ಒಡೆದರು. ಅವನ ಹೆಣ ಇಳಿಸಿದ ದಿನ ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು. ಬೆಳಿಗ್ಗೆ ಎದ್ದು ನೆಲ ಒರೆಸಿ, ಆ ಒರೆಸುವ ಬಟ್ಟೆಯನ್ನು ಹಿಂಡಿ ಗ್ಯಾಲರಿಯ ಕಟಕಟೆಗೆ ಹಾಕಬೇಕು. ಏಳು ಗಂಟೆಗೆ ಬಟ್ಟೆ ಕಾಣದಿದ್ದರೆ ಇನ್ನೊಬ್ಬಳು ಬಂದು ಬಾಗಿಲು ಬಡಿಯಬೇಕು. ಫೋನ್ ಆಗುವುದಿಲ್ಲ. ಅವಳು ಅದನ್ನು ಕೇಳಿಸದ ಕಿವಿಗೇ ಹಿಡಿಯುತ್ತಾಳೆ.

ಬಟ್ಟೆ ಹಾಕಿದ ಮೇಲೆ ಅಂಗಳದ ಮೇಲಿಂದಲೇ ಮಾತು.

"ಏನಕ್ಕಾ, ಇನ್ನಾ ಅದೀಯೇನ?"

"ಇದ್ದೇನೆ ಮಾರಾಯ್ತಿ. ನಿನ್ನ ಕಳಿಸಿಯೇ ನಾನು ಹೋಗುದು."

"ಅಲ್ಲಾ ನನ್ನ ಮೊದಲ ಕರೀತಾನ ಬಿಡು. ನಿನ್ನ ಬಾಯಿಗೆ ಅಂವಾನೂ ಹೆದರ್ತಾನ."

ದಿನದಲ್ಲಿ ನಾನು ಬಾಯಿ ಬಿಟ್ಟು ಆಡುವ ಮಾತು ಹೆಚ್ಚುಕಡಿಮೆ ಇಷ್ಟೇ.

ಈ ಸಲ ಕಮಿಟಿಯವರು ನಮ್ಮ ಇಡೀ ಸಾಲಿಗೆ ಒಂದೇ ತಾಡಪತ್ರಿ ತಂದರು. ಹೋದ ವರ್ಷ ಒಬ್ಬರದು ಹಾರಿ ಪಕ್ಕದವರದನ್ನೂ ಕಿತ್ತುಕೊಂಡು ಹೋಗಿತ್ತು. ಭಾನುವಾರ ಕಬ್ಬಿಣದ ಪೈಪು ಹಾಕಿ, ಈ ತುದಿಯಿಂದ ಆ ತುದಿಗೆ ಬಿಗಿದರು. ಚಾಳಿನ ಸೆಕ್ರೆಟರಿ ನಮ್ಮ ಕುಂದಾಪುರದ ಕಡೆಯವನೇ, ಹೋಟೆಲಿನಲ್ಲಿ ದುಡಿದು ಈಗ ಮನೆಯಲ್ಲಿದ್ದಾನೆ. ನಿಂತು ಕಟ್ಟಿಸುತ್ತಿದ್ದ.

"ನನ್ನ ಬಾಗಿಲೆದುರು ಒಂದು ಮೊಳ ಬಿಡಿ" ಎಂದೆ.

"ಬಿಟ್ಟರೆ ಗಾಳಿ ಅಲ್ಲೇ ಹೊಕ್ಕಿ ಎಲ್ಲರದ್ದೂ ಹರೀತದೆ ಅಮ್ಮ. ಎಂತಕ್ಕೆ ಬಿಡುದು?"

ಎದುರಿನವಳ ಒರೆಸುವ ಬಟ್ಟೆ ನೋಡಲಿಕ್ಕೆ ಎಂದು ಹೇಳಲು ನಾಚಿಕೆಯಾಯಿತು. "ಗಾಳಿ ಆಡಲಿಕ್ಕೆ" ಎಂದೆ.

"ಗಾಳಿಯೇ ಬರುದಲ್ವಾ ಅಮ್ಮ ಈಗ!" ಎಂದು ನಗಾಡಿದ.

ಸೋಮವಾರ ಬೆಳಿಗ್ಗೆ ಎದ್ದರೆ ತಾಡಪತ್ರಿಯ ಬೆಳಕಿಗೆ ಅನ್ನ, ಗೋಡೆ, ಕೈ ಎಲ್ಲ ನೀಲಿ. ಬಟ್ಟೆ ಹಿಂಡಿ ಹಾಕಿದೆ. ಯಾರು ನೋಡಬೇಕು? "ಓಯ್" ಎಂದು ಕೂಗಿದೆ. ಪ್ಲಾಸ್ಟಿಕ್ಕು ಪಟಪಟ ಅಂದಿತು, ಅಷ್ಟೇ. ಎರಡು ಮಾಳಿಗೆ ಇಳಿದು ಎರಡು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಮಧ್ಯಾಹ್ನದವರೆಗೆ ತಡೆದೆ. ಆಮೇಲೆ ಚೂರಿಯನ್ನು ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿ, ತಾಡಪತ್ರಿಯಲ್ಲಿ ಒಂದು ದೋಸೆಯಷ್ಟು ಅಗಲ ಕೊಯ್ದೆ. ಕಾದ ಚೂರಿಯಲ್ಲಿ ಕೊಯ್ದರೆ ಅಂಚು ಕರಗಿ ಗಟ್ಟಿಯಾಗುತ್ತದೆ, ಹರಿಯುವುದಿಲ್ಲ ಎಂಬ ಲೆಕ್ಕ ನನ್ನದು.

ತೂತಿಗೆ ಕಣ್ಣಿಟ್ಟೆ. ಎದುರಿಗೆ ಇನ್ನೊಂದು ನೀಲಿ ತಾಡಪತ್ರಿ.

ಅವರ ಸಾಲಿಗೂ ಕಟ್ಟಿದ್ದಾರೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಆದರೂ ಸಂಜೆಯವರೆಗೆ ಅಲ್ಲೇ ಸ್ಟೂಲು ಹಾಕಿ ಕೂತೆ. ಅವಳು ನನಗಿಂತ ಹಟಮಾರಿ. ನನಗೆ ಹೊಳೆದದ್ದು ಅವಳಿಗೂ ಹೊಳೆಯುತ್ತದೆ, ದರ್ಜಿಯ ಹೆಂಡತಿ, ಕತ್ತರಿ ಮನೆಯಲ್ಲೇ ಇದೆ, ಈಗ ಕೊಯ್ಯುತ್ತಾಳೆ, ಈಗ ಕೊಯ್ಯುತ್ತಾಳೆ ಎಂದು ಆ ನೀಲಿಯನ್ನೇ ನೋಡಿದೆ. ಏನೂ ಆಗಲಿಲ್ಲ. ಬಿದ್ದಿದ್ದಾಳೋ ಏನೋ ಎಂದು ತೂತಿಗೆ ಬಾಯಿಟ್ಟು ಇನ್ನೊಮ್ಮೆ ಕೂಗಿದೆ. ನಾನೇ ಬಿದ್ದಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ ಎಂಬುದೂ ಆಗಲೇ ನೆನಪಾದದ್ದು.

ಮಂಗಳವಾರ ಹನ್ನೊಂದು ಗಂಟೆಗೆ ಬಿರುಗಾಳಿ ಬಂತು. ತಗಡುಗಳು ಹಾರುವ ಸದ್ದು, ಅಂಗಳದ ಬಾದಾಮಿ ಮರದ ಕೊಂಬೆ ಮುರಿದ ಸದ್ದು. ನನ್ನ ತೂತು ಒಂದು ಗಂಟೆ ತಡೆದುಕೊಂಡಿತು. ಆಮೇಲೆ ಸೀರೆ ಹರಿದ ಹಾಗೆ ಚರ್ ಎಂದು ಮೂರು ಬಾಗಿಲಿನವರೆಗೆ ಹರಿಯಿತು. ನನ್ನ ಮನೆಗೂ ಪಕ್ಕದ ಎರಡು ಮನೆಗೂ ನೀರು ನುಗ್ಗಿತು. ಅವರ ಹಾಸಿಗೆಗಳೆಲ್ಲ ಒದ್ದೆ. ನನ್ನ ಗೋಣಿಚೀಲ ಹೊಸ್ತಿಲಿನಲ್ಲಿ ತೇಲಿತು.

ಮರುದಿನ ಸೆಕ್ರೆಟರಿ ಹರಿದ ಅಂಚನ್ನು ಕೈಯಲ್ಲಿ ಹಿಡಿದು ನೋಡಿದ.

"ಇಲ್ಲಿ ಹರಿದದ್ದಲ್ಲ. ಕೊಯ್ದದ್ದು."

"ನಾನೇ ಕೊಯ್ದದ್ದು."

"ಎಂತ ಹುಚ್ಚು ಅಮ್ಮ ನಿಮಗೆ?"

ನಾಚಿಕೆ ಬಿಟ್ಟು ಹೇಳಿದೆ. ಬಟ್ಟೆಯದು, ಕರಾರಿನದು, ಎಲ್ಲ.

"ಇದೇ ಸಾಲಿನಲ್ಲಿ ಇಷ್ಟು ಜನ ಇದ್ದೇವೆ. ನಿಮಗೆ ಎದುರಿನವರೇ ಬೇಕಾ?"

"ಮೂಲೆ ಖೋಲಿಯವ ಮೂರು ದಿನ ಬಿದ್ದಿದ್ದಾಗಲೂ ಇಷ್ಟೇ ಜನ ಇದ್ದಿರಿ."

ಅವನು ತಾಡಪತ್ರಿಯ ಅಂಚನ್ನೇ ಮಡಚುತ್ತ ಕೇಳಿದ, "ಅವರು ಸೋಮವಾರ ಬೆಳಿಗ್ಗೆಯೇ ಭಿವಂಡಿಗೆ ಹೋದರಲ್ಲ? ಮಗಳು ಬಂದು ಕರಕೊಂಡು ಹೋದಳು. ಮಳೆಗಾಲ ಮುಗಿದ ಮೇಲೇ ಬರುದಂತೆ. ನಿಮಗೆ ಹೇಳಲಿಲ್ವಾ?"

"ಹೇಳಿದ್ದಳು. ನನಗೇ ಮರೆತುಹೋಯಿತು" ಎಂದೆ. ಸುಳ್ಳು. ನಾನು ನೀಲಿ ನೋಡುತ್ತ ಕೂತಿದ್ದಾಗ ಅವಳು ಭಿವಂಡಿಯಲ್ಲಿ ಮಗಳ ಕೈಯ ಊಟ ಮಾಡುತ್ತಿದ್ದಳು. ಮಾಡಲಿ. ಆದರೆ ಹೋಗುವಾಗ ಅಂಗಳದಲ್ಲಿ ನಿಂತು ಒಂದು ಸಲ ಕೂಗಿದ್ದರೆ ಅವಳ ಗಂಟಲೇನೂ ಹರಿಯುತ್ತಿರಲಿಲ್ಲ.

ತಾಡಪತ್ರಿಯನ್ನು ಹೊಲಿದು ಮತ್ತೆ ಬಿಗಿದರು, ತೂತಿಲ್ಲದೆ. ಹಾಸಿಗೆ ಒದ್ದೆಯಾದ ಎರಡು ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ತಪ್ಪು ನನ್ನದೇ. ಸೆಕ್ರೆಟರಿ ಒಂದು ಏರ್ಪಾಟು ಮಾಡಿದ: ಅವನ ಸೊಸೆ ಬೆಳಿಗ್ಗೆ ಆರಕ್ಕೆ ಆಫೀಸಿಗೆ ಹೊರಡುವಾಗ ನನ್ನ ಬಾಗಿಲು ತಟ್ಟಬೇಕು.

ಮೂರು ದಿನ ಅವಳು ತಟ್ಟಿದಳು, ನಾನು "ಹೂಂ" ಎಂದೆ. ನಾಲ್ಕನೆಯ ದಿನ, ನೋಡುವ ಎಂದು, ಎಚ್ಚರವಿದ್ದೂ ಸುಮ್ಮನೆ ಮಲಗಿದೆ. ಎರಡು ಸಲ ತಟ್ಟಿದಳು. "ಅಜ್ಜೀ?" ಅಂದಳು. ಒಂದು ಗಳಿಗೆ ನಿಂತಳು. ಆಮೇಲೆ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆಗೆ ಹೋಯಿತು.

ಸಂಜೆ ಬಂದು ಇಣುಕಿದಳು. "ಅಜ್ಜಿ, ಸುಬಹ್ ಸೋ ಗಯೇ ಥೇ ಕ್ಯಾ? ನನ್ನ ಲೋಕಲ್ ಮಿಸ್ ಆಗ್ತಿತ್ತು."

"ಹೌದು ಮಗಾ, ನಿದ್ದೆ ಬಂದಿತ್ತು" ಎಂದೆ.

ಮರುದಿನದಿಂದ ಅವಳ ಚಪ್ಪಲಿ ಸದ್ದು ಕೇಳುತ್ತಲೇ, ಬಾಗಿಲು ತಟ್ಟುವ ಮೊದಲೇ, ನಾನು ಜೋರಾಗಿ ಕೆಮ್ಮುತ್ತೇನೆ.