ಬಾಣಂತಿಯ ಕಾಲಿಗೆ ಉಣ್ಣೆ

ಹತ್ತಿಕುಣಿಯ ಬಾಲಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಂಡ ಹುಲಗಪ್ಪ ವರ್ಷದ ಬಹುಪಾಲು ಕುರಿಯ ಹಿಂದೆ ಊರೂರು ತಿರುಗುವುದು ಮೇವಿಗಾಗಿಯೋ, ಹೆಂಡತಿಯ ಬಾಯಿಗೆ ಹೆದರಿಯೋ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಆದರೆ ನೂಲಿನ ಮಾತು ಬಂದರೆ ಚೇಷ್ಟೆ ನಿಲ್ಲುತ್ತಿತ್ತು. ಅವರದು ಉಣ್ಣೆ ಕಂಕಣದ ಕುರುಬರ ಮನೆತನ. ಮದುವೆಯಲ್ಲಿ ಗಂಡು ಹೆಣ್ಣಿನ ಮುಂಗೈಗೆ ಕಟ್ಟುವುದು ಅರಿಸಿನ ದಾರವಲ್ಲ, ಕರಿಯ ಉಣ್ಣೆಯ ಎಳೆ. ಆ ಎಳೆಯನ್ನು ಊರಿನ ಯಾವ ಮದುವೆಗೇ ಆಗಲಿ ಬಾಲಮ್ಮನ ಕೈಯೇ ನೂಲಬೇಕು. ಜಗಳ ಆಡಿ ಮಾತು ಬಿಟ್ಟವರೂ ಅಂಥ ಹೊತ್ತಿನಲ್ಲಿ ಎಲೆ ಅಡಿಕೆ ಹಿಡಿದುಕೊಂಡು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳೂ ಎರಡು ಬೈದೇ ನೂತು ಕೊಡುತ್ತಿದ್ದಳು. ಈ ಭೂಮಿಯ ಮೇಲೆ ಅವಳಿಗೆ ಇದ್ದ ದೊಡ್ಡ ಹೆಮ್ಮೆ ಎಂದರೆ ಅದೊಂದೇ.

ಆ ಉಣ್ಣೆಗೆ ಒಂದು ಕಟ್ಟಳೆಯೂ ಇತ್ತು. ಕಂಬಳಿಯ ಗದ್ದಿಗೆ ಹಾಕಿ ಕುಲದೇವರು ಬೀರಪ್ಪನನ್ನು ಕೂರಿಸುವವರು ಅವರು. ಉಣ್ಣೆಯನ್ನು ತಲೆಗೆ ಹೊದೆಯಬಹುದು, ಹೆಗಲಿಗೆ ಹಾಕಬಹುದು, ಹಾಸಿಕೊಂಡು ಮಲಗಲೂಬಹುದು. ಪಾದಕ್ಕೆ ಮಾತ್ರ ತೊಡಿಸುವಂತಿಲ್ಲ. ಮಾಗಿಯ ಚಳಿಯಲ್ಲಿ ಹಿಮ್ಮಡಿ ಒಡೆದು ರಕ್ತ ಬಂದರೂ ಆ ಊರಿನ ಕುರುಬರು ಕಾಲಿಗೆ ಹರಕು ಅರಿವೆ ಸುತ್ತಿಕೊಳ್ಳುತ್ತಿದ್ದರೇ ಹೊರತು ಉಣ್ಣೆಯ ಚೂರನ್ನೂ ಸುತ್ತುತ್ತಿರಲಿಲ್ಲ.

ಎದುರು ಮನೆಯಲ್ಲಿ ಉರ್ದು ಶಾಲೆಯ ಮಾಸ್ತರ ಇದ್ದ. ಅವನ ಹೆಂಡತಿ ಸರ್ವರಬೇಗಂ ಯಾದಗಿರಿ ಪೇಟೆಯಲ್ಲಿ ಬೆಳೆದವಳು, ಬಾಲಮ್ಮನ ಹಿರಿಯ ಮಗಳು ರೇಣಮ್ಮನ ವಾರಿಗೆಯವಳು. ರೇಣಮ್ಮನನ್ನು ಗೋಗಿ ಎಂಬ ಊರಿಗೆ ಕೊಟ್ಟು ಕಳಿಸಿದ ಮೇಲೆ ಬಾಲಮ್ಮನಿಗೆ ಬಯ್ಯಲು ಹತ್ತಿರದಲ್ಲಿ ಸಿಕ್ಕವಳು ಇವಳೇ. ನಾಲ್ಕು ಸೈಕಲ್ ಕಡ್ಡಿಗಳನ್ನು ತೇದು ನುಣುಪು ಮಾಡಿಕೊಂಡು, ಹತ್ತಿ ನೂಲಿನಲ್ಲಿ ಕಾಲುಚೀಲ ಹೆಣೆಯುತ್ತ ಅವಳು ಕಟ್ಟೆಯ ಮೇಲೆ ಕೂತರೆ ಬಾಲಮ್ಮ ಸುಮ್ಮನಿರಲಾರಳು.

“ಇದೇನವ್ವ, ಕಾಲಿಗೂ ಅಂಗಿ ಹೊಲೀಲಾಕತ್ತಿ?”

“ಮೋಜಾ ಅಕ್ಕಾ. ಕಲೀತೀರೇನು?”

ಕಲಿಯುವುದಿಲ್ಲ ಎಂದು ಹೇಳಿ ಬಾಲಮ್ಮ ಕಲಿತಳು. ಮೂರು ಕಡ್ಡಿಗಳ ಮೇಲೆ ಕುಣಿಕೆಗಳನ್ನು ಹಂಚಿಕೊಂಡು, ನಾಲ್ಕನೆಯದರಲ್ಲಿ ಸುತ್ತುಸುತ್ತಾಗಿ ಹೆಣೆಯುತ್ತ ಇಳಿಯಬೇಕು. ಅಲ್ಲಿಯ ತನಕ ಸುಲಭ. ಹಿಮ್ಮಡಿ ಬಂದಾಗ ಅರ್ಧ ಕುಣಿಕೆಗಳನ್ನು ಬಿಟ್ಟು, ಉಳಿದರ್ಧದಲ್ಲಿ ಹಿಂದೆ ಮುಂದೆ ಹೋಗಿ ಒಂದು ಬಟ್ಟಲು ಮಾಡಬೇಕು. ಆಮೇಲೆ ಬಿಟ್ಟವನ್ನು ಮತ್ತೆ ಎತ್ತಿಕೊಂಡು ಪಾದಕ್ಕೆ ಹೊರಳಬೇಕು. ಆ ಹೊರಳುವುದನ್ನು ಕಲಿಯುವುದರೊಳಗೆ ಬಾಲಮ್ಮ ಎಷ್ಟು ಸಲ ಕಡ್ಡಿ ಬೀಸಿ ಒಗೆದಳೋ! ಕಡೆಗೂ ಕೈಗೆ ಬಂತು, ಎಲ್ಲ ಹತ್ತಿ ನೂಲಿನಲ್ಲೇ. ಉಣ್ಣೆಯಲ್ಲಿ ಹೆಣೆಯುವ ಯೋಚನೆ ಅವಳ ಕನಸಿನಲ್ಲೂ ಬಂದಿರಲಿಲ್ಲ.

ಆ ವರ್ಷ ಯಾರಿಗೂ ಒಳ್ಳೆಯದಾಗಲಿಲ್ಲ. ಚಳಿಗಾಲದಲ್ಲಿ ನಿಜಾಮನ ಕಡೆಯ ರಜಾಕಾರರು ಬಂದು ನೆಲದೊಳಗಿನ ಜೋಳದ ಹಗೇವು ಬರಿದು ಮಾಡಿದರು. ಅಡ್ಡ ಬಂದ ಹುಡುಗನ ಕಾಲು ಮುರಿದರು. ಅವನು ಹುಲಗಪ್ಪನ ಅಣ್ಣ ತಾಯಪ್ಪನ ಒಬ್ಬನೇ ಮಗ. ತಾಯಪ್ಪ ಆ ಹುಡುಗನನ್ನು ಗಾಡಿಯಲ್ಲಿ ಹಾಕಿಕೊಂಡು, ಹೊಳೆ ದಾಟಿ, ವಿಜಾಪುರದ ಸೀಮೆಯಲ್ಲಿ ನಿಜಾಮನ ವಿರುದ್ಧ ಹೋರಾಡುವವರ ಗಡಿ ಶಿಬಿರ ಸೇರಿದ. ಮಳೆಗಾಲ ಮುಗಿಯುವ ಹೊತ್ತಿಗೆ ಇಂಡಿಯಾ ಯೂನಿಯನ್ನಿನ ಫೌಜು ಬಂತು. ನಿಜಾಮನ ರಾಜ್ಯ ಒಂದು ವಾರವೂ ತಡೆಯಲಿಲ್ಲ. ಊರವರು ಕುಣಿದರು, ಬಾಲಮ್ಮನೂ ಕುಣಿದಳು. ಅದಾದ ಮೇಲೆ ಬೇರೆಯೇ ಗುಂಪುಗಳು ತಿರುಗತೊಡಗಿದವು. ರಜಾಕಾರರನ್ನು ಹುಡುಕುತ್ತೇವೆ ಎನ್ನುತ್ತಿದ್ದರು. ಅವರ ಕೈಗೆ ಸಿಕ್ಕುತ್ತಿದ್ದವರು ಪಿಂಜಾರರು, ಸಾಬರ ಮುದುಕರು, ಹೆಂಗಸರು. ನಿಜವಾದ ರಜಾಕಾರ ಯಾವತ್ತೋ ಓಡಿಹೋಗಿದ್ದ.

ಶಾಲೆಯ ಗತಿ ಏನೆಂದು ಕೇಳಿಕೊಂಡು ಬರುತ್ತೇನೆ ಎಂದು ಯಾದಗಿರಿಗೆ ಹೋದ ಮಾಸ್ತರ ತಿರುಗಿ ಬರಲಿಲ್ಲ. ಮೂರನೆಯ ದಿನ ಸರ್ವರಬೇಗಂಗೆ ಹೆರಿಗೆಯಾಯಿತು. ಸೂಲಗಿತ್ತಿ ಬರಲು ಹೆದರಿದಳು. ಬಾಲಮ್ಮನೇ ಹೆರಿಗೆ ಮಾಡಿಸಿ, ತಾಯಿ ಕೂಸು ಇಬ್ಬರನ್ನೂ ತನ್ನ ಮನೆಯ ಒಳಕೋಣೆಗೆ ತಂದು ಮಲಗಿಸಿದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟಳು. ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ. ಆದರೆ ಊರೆಂದ ಮೇಲೆ ಒಂದು ಬಾಯಿ ಸಾಕು, ಮತ್ತು ಬಾಲಮ್ಮನ ಮೇಲೆ ಹಲ್ಲು ಮಸೆಯುವ ಬಾಯಿಗಳಿಗೆ ಅಲ್ಲಿ ಕೊರತೆ ಇರಲಿಲ್ಲ.

ಒಂದು ಮುಂಜಾನೆ ಬಾವಿಯ ಹತ್ತಿರ ಸುದ್ದಿ ಸಿಕ್ಕಿತು. ಗುಂಪು ಕೆಳಗೇರಿಗೆ ಬಂದಿದೆ, ಮನೆ ಮನೆ ಹೊಕ್ಕು ನೋಡುತ್ತಿದೆ, ದಾರಿ ತೋರಿಸಲು ಜೊತೆಗೆ ತಾಯಪ್ಪ ಇದ್ದಾನೆ. ಹಿಂದಿನ ಹಳ್ಳಿಯಲ್ಲಿ ಒಬ್ಬ ಬಾಣಂತಿಯನ್ನು ಹಿಡಿದಿದ್ದರಂತೆ. ಬಾಣಂತಿಯ ಮುಖ ಪರಗಂಡಸರು ನೋಡಬಾರದೆಂದು ಮುದುಕಿಯರು ಅಡ್ಡ ಬಂದಾಗ, “ಮಾರಿ ಬ್ಯಾಡ, ಕಾಲು ತೋರಸ್ರಿ” ಅಂದರಂತೆ. ಕಾಲುಂಗುರದ ಗುರುತಿಲ್ಲದ ಬೆರಳು ಕಂಡವಂತೆ. ಆಮೇಲೆ ಏನಾಯಿತು ಎಂಬುದಕ್ಕೆ ಸುದ್ದಿ ತಂದವಳು ಬಾವಿಯೊಳಗೆ ಬೆರಳು ತೋರಿಸಿದಳು.

ಬಾಲಮ್ಮ ಕೊಡ ಅಲ್ಲೇ ಬಿಟ್ಟು ಮನೆಗೆ ಓಡಿದಳು. ತನ್ನ ಕಾಲುಂಗುರ ಕಿತ್ತು ಸರ್ವರಬೇಗಂಳ ಬೆರಳಿಗೆ ತುರುಕಿ ನೋಡಿದಳು. ಬಸಿರಿನ ಬಾವು ಇನ್ನೂ ಇಳಿದಿರಲಿಲ್ಲ. ಉಂಗುರ ಉಗುರು ದಾಟಲಿಲ್ಲ. ಹೊಲ ತುಳಿಯದ, ಒಂದು ಬಿರುಕೂ ಇಲ್ಲದ ಆ ಬಿಳಿ ಪಾದಗಳನ್ನು ನೋಡಿ ಅವಳಿಗೆ ಅಳು ಬರುವಂತಾಯಿತು. ಅಳುವ ಬದಲು ಬೈದಳು.

“ಇಂಥಾ ಕಾಲು ತಗೊಂಡು ನನ್ನ ಮನಿಗೆ ಯಾಕ ಬಂದಿ? ಎಲ್ಲವ ನಿನ್ನ ಮೋಜಾ?”

ಬಾಣಂತನಕ್ಕೆಂದು ಸರ್ವರಬೇಗಂ ಒಂದು ಜೊತೆ ಹೆಣೆಯಲು ಹಿಡಿದಿದ್ದಳು. ಒಂದು ಮುಗಿದಿತ್ತು. ಇನ್ನೊಂದು ಕಣಕಾಲಿನ ತನಕ ಇಳಿದು ಕಡ್ಡಿಯ ಮೇಲೇ ಇತ್ತು. ಶೀತ ಹೊಗುತ್ತದೆಂದು ಬಾಣಂತಿಗೆ ಕಾಲುಚೀಲ ಹಾಕಿದರೆ ಬಿಚ್ಚು ಎನ್ನುವ ಧೈರ್ಯ ಯಾವ ಗಂಡಸಿಗೂ ಬರುವುದಿಲ್ಲ. ಅರಿವೆ ಸುತ್ತಿದರೆ ಗಾಯ ತೋರಿಸು ಎಂದು ಬಿಚ್ಚಿಸಿಯಾರು. ಒಂದು ಕಾಲಿಗೆ ಮಾತ್ರ ಇದ್ದರೆ ಇನ್ನೊಂದು ಕಾಲೇ ಸಾಕ್ಷಿ ಹೇಳುತ್ತದೆ. ಸರ್ವರಬೇಗಂ ಕಡ್ಡಿ ಎತ್ತಿಕೊಂಡಳು, ಅವಸರಕ್ಕೆ ಕುಣಿಕೆಗಳು ಉದುರಿದವು. ಬಾಲಮ್ಮ ಕಸಿದುಕೊಂಡಳು.

“ಕೂಸಿಗಿ ಹಾಲು ಕುಡಸು. ಅಳಬಾರದು ಅದು. ನೀನೂ ಅಳಬ್ಯಾಡ.”

ಕೆಳಗೇರಿಯಲ್ಲಿ ನಾಯಿಗಳು ಬೊಗಳುತ್ತಿದ್ದವು. ಉದುರಿದ ಕುಣಿಕೆಗಳನ್ನು ಎತ್ತಿಕೊಂಡು ಬಾಲಮ್ಮ ಹಿಮ್ಮಡಿಗೆ ಇಳಿದಳು. ಎಂದೂ ಒಮ್ಮೆಗೆ ಸರಿಯಾಗಿ ಬಾರದ ಹಿಮ್ಮಡಿ ಅವತ್ತು ಬಂತು. ಬಾಗಿಲು ಬಡಿಯುವ ಸದ್ದು ನಡುಗೇರಿಗೆ ಬಂದಾಗ ಅವಳು ಬಿಟ್ಟ ಕುಣಿಕೆಗಳನ್ನು ಮತ್ತೆ ಎತ್ತಿಕೊಂಡು ಪಾದಕ್ಕೆ ಹೊರಳಿದ್ದಳು. ಆಗ ನೂಲು ತೀರಿತು.

ಉಂಡೆ ಎಲ್ಲಿ ಎಂದು ಹೊರಸಿನ ಕೆಳಗೆಲ್ಲ ತಡಕಿದಳು. ಉಂಡೆ ಇರಲಿಲ್ಲ. ಯಾದಗಿರಿಯ ಅಂಗಡಿಗಳು ಮುಚ್ಚಿ ಎಷ್ಟೋ ದಿನವಾಗಿತ್ತು, ಮನೆಯಲ್ಲಿ ಹತ್ತಿಯ ಎಳೆ ಎಂಬುದೇ ಇರಲಿಲ್ಲ. ಮೂಲೆಯ ಬುಟ್ಟಿಯಲ್ಲಿ ಮಾತ್ರ ಉಣ್ಣೆ ಇತ್ತು. ದಸರೆಯ ಆಚೆಗಿನ ಮದುವೆಗೆಂದು ಮಿಂದು ಮಡಿಯಲ್ಲಿ ನೂತಿಟ್ಟ ಕರಿಯ ಎಳೆ.

ಬಾಲಮ್ಮ ಬುಟ್ಟಿಯ ಮುಂದೆ ನಿಂತಳು. ಸುಳ್ಳು ಹೇಳುವುದು ಅವಳಿಗೆ ಹೊಸದಲ್ಲ, ಕುರಿ ಸಂತೆಯಲ್ಲಿ ಅವಳು ಹೇಳದ ಸುಳ್ಳಿಲ್ಲ. ಇದು ಅಂಥದಲ್ಲ. ಇದು ಬೀರಪ್ಪನ ಕಣ್ಣೆದುರಿಗೆ ಕೈಯಾರೆ ಮಾಡುವ ತಪ್ಪು. ಅಷ್ಟರಲ್ಲಿ ಗುಂಪಿನವರು ಪಕ್ಕದ ಮನೆಯ ಬಾಗಿಲು ಬಡಿದರು.

“ನಿನಗ ಸಿಟ್ಟು ಬಂದ್ರ ನನಗ ಬೈಯಪ್ಪಾ, ಅಕಿಗಲ್ಲ,” ಅಂದಳು ದೇವರಿಗೆ. ಕರಿಯ ಎಳೆಯನ್ನು ಬಿಳಿಯ ತುದಿಗೆ ಗಂಟು ಹಾಕಿದಳು. ಉಣ್ಣೆ ದಪ್ಪ, ಬೇಗ ಬೇಗ ಏರಿತು. ಬೆರಳ ತುದಿಯಲ್ಲಿ ಕುಣಿಕೆಗಳನ್ನು ಇಳಿಸಿ ಮುಚ್ಚುವಷ್ಟು ಹೊತ್ತಿರಲಿಲ್ಲ, ಎಲ್ಲದರೊಳಗೂ ಎಳೆ ತೂರಿಸಿ ಚೀಲದ ಬಾಯಿ ಬಿಗಿದಂತೆ ಬಿಗಿದಳು. ತೊಡಿಸಿ, ಸರ್ವರಬೇಗಂಳ ತಲೆಗೆ ಕಿವಿಗೆ ಅರಿವೆ ಬಿಗಿದು, ಮುಖದ ಮೇಲೆ ಸೆರಗು ಎಳೆದು, ಗೋಡೆಯ ಕಡೆ ಹೊರಳಿಸುವಷ್ಟರಲ್ಲಿ ಅಂಗಳದಲ್ಲಿ ಕೆರದ ಸದ್ದಾಯಿತು.

ಮುಂದೆ ಇದ್ದವನು ಹೆಗಲಿಗೆ ಚರ್ಮದ ಪಟ್ಟಿ ಹಾಕಿಕೊಂಡಿದ್ದ. ಅವನ ಹಿಂದೆ ನಾಲ್ಕೈದು ಜನ. ಎಲ್ಲರ ಹಿಂದೆ ತಾಯಪ್ಪ, ಬಡಕಲಾಗಿ, ಗಡ್ಡ ಬಿಟ್ಟು. ಭಾವನೆದುರು ನಿಂತು ಮಾತಾಡುವ ರೂಢಿ ಇಲ್ಲ. ಬಾಲಮ್ಮ ಸೆರಗು ತಲೆಗೆ ಎಳೆದುಕೊಂಡು ಒಳಬಾಗಿಲಿಗೆ ಅಡ್ಡವಾಗಿ ನಿಂತು ಪಟ್ಟಿಯವನಿಗೇ ಹೇಳಿದಳು.

“ಒಳಗ ಬಾಣಂತಿ ಇದ್ದಾಳ್ರಿ. ನನ್ನ ಹಿರಿ ಮಗಳು ರೇಣಮ್ಮ. ಗೋಗಿಗಿ ಕೊಟ್ಟೀವಿ, ಬಾಣಂತನಕ್ಕ ಬಂದಾಳ.”

“ಹೌದೇನು ತಾಯಪ್ಪ?”

“ನಾ ಊರಾಗ ಇರಲಿಲ್ಲಲ್ರಿ. ರೇಣಮ್ಮ ಅಂಬಾಕಿ ಅದಾಳ, ಗೋಗಿಗಿ ಕೊಟ್ಟದ್ದೂ ಖರೆ,” ಎಂದ ತಾಯಪ್ಪ.

“ಕಾಲು ತೋರಸು,” ಎಂದ ಪಟ್ಟಿಯವನು.

ಬಾಲಮ್ಮ ಹೊದಿಕೆಯ ತುದಿ ಸರಿಸಿದಳು. ಒಂದು ಕಾಲಿಗೆ ಬಿಳಿ ಚೀಲ. ಇನ್ನೊಂದು ಹಿಮ್ಮಡಿಯ ತನಕ ಬಿಳಿ, ಮುಂದೆ ಕರಿ. ಪಟ್ಟಿಯವನು ಹುಬ್ಬು ಗಂಟಿಕ್ಕಿದ. ತಾಯಪ್ಪ ಮುಂದೆ ಬಂದು ಬಗ್ಗಿ ನೋಡಿದ. ಹುಟ್ಟಿದಾಗಿನಿಂದ ಉಣ್ಣೆಯಲ್ಲೇ ಕೈಯಾಡಿಸಿದವನಿಗೆ ಅದು ಏನೆಂದು ಮುಟ್ಟಿ ನೋಡಬೇಕಾಗಿರಲಿಲ್ಲ. ಅವನ ಕಣ್ಣು ಕಾಲಿನಿಂದ ಮೂಲೆಯ ಬುಟ್ಟಿಗೆ ಹೋಯಿತು, ಬುಟ್ಟಿಯಿಂದ ಬಾಲಮ್ಮನ ಕೈಗೆ ಬಂತು. ತಮ್ಮ ಮನೆತನದ ಯಾವ ತಾಯಿಯೂ ಮಗಳ ಪಾದಕ್ಕೆ ಉಣ್ಣೆ ತೊಡಿಸುವುದಿಲ್ಲ. ಹಾಗಾದರೆ ಇವಳು ಮಗಳಲ್ಲ. ಅವನಿಗೆ ತಿಳಿಯಿತೆಂದು ಬಾಲಮ್ಮನಿಗೂ ತಿಳಿಯಿತು. ಕಾಲು ಮುರಿದ ಮಗನ ತಂದೆ ಅವನು. ಮುಗಿಯಿತು ಎಂದುಕೊಂಡಳು.

“ಹಲ್ಕಟ್ ಹೆಂಗಸೇ!” ತಾಯಪ್ಪ ಮನೆ ನಡುಗುವಂತೆ ಕೂಗಿದ. “ನಮ್ಮ ಮನಿ ಮಗಳ ಕಾಲಿಗಿ ಉಣ್ಣಿ ಹಾಕೀದಿ? ಬೀರಪ್ಪನ ಗದ್ದಿಗಿ ಉಣ್ಣಿ ಕಾಲಾಗ ತುಳಸ್ತಿ? ನನ್ನ ತಮ್ಮ ಮನ್ಯಾಗ ಇಲ್ಲಂತ ಕುಲಾನೇ ಹಾಳ ಮಾಡ್ಲಾಕತ್ತಿ? ದೈವದ ಮುಂದ ನಿಲ್ಲಸ್ತೀನಿ ನಿನ್ನ!”

ನಮ್ಮ ಮನೆ ಮಗಳು ಎಂದಿದ್ದ. ಜೀವಮಾನದಲ್ಲಿ ಯಾರ ಬೈಗುಳವೂ ಬಾಲಮ್ಮನ ಕಿವಿಗೆ ಇಷ್ಟು ತಂಪಾಗಿ ಬಿದ್ದಿರಲಿಲ್ಲ.

ಪಟ್ಟಿಯವನು ಮಾತ್ರ ಹುಷಾರಿ. ಒಮ್ಮೆ ತಾಯಪ್ಪನ ಮುಖ, ಒಮ್ಮೆ ಇವಳ ಮುಖ ನೋಡಿ ನಕ್ಕ. “ಅಷ್ಟು ದೊಡ್ಡ ತಪ್ಪಾದ್ರ ಈಗ್ಲೇ ಕೂಡಸ್ರಿ ನಿಮ್ಮ ದೈವ. ನಾವೂ ಕೂತು ನೋಡ್ತೀವಿ.”

ದೈವವೆಂದರೆ ಕುಲದ ಹಿರಿಯರ ಕೂಟ. ಬೀರಪ್ಪನ ಗುಡಿಯ ಮುಂದಿನ ಬೇವಿನ ಕೆಳಗೆ ಸೇರುವಂಥದು. ಹೊತ್ತು ನೆತ್ತಿಗೇರುವುದರೊಳಗೆ ಊರೆಲ್ಲ ಬಂತು. ರೇಣಮ್ಮ ಗೋಗಿಯಲ್ಲಿ ಗಂಡನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಳೆಂದು ಅಲ್ಲಿ ಕೂತ ಒಬ್ಬೊಬ್ಬರಿಗೂ ಗೊತ್ತು. ಪಟ್ಟಿಯವನು ಕಟ್ಟೆಯ ಮೇಲೆ ಕೂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದ. ಯಾರ ಯಾರ ಜೊತೆ ಜಗಳ ಆಡಿದ್ದೇನೆಂದು ಬಾಲಮ್ಮ ಅವತ್ತು ಲೆಕ್ಕ ಹಾಕಿದಳು, ಲೆಕ್ಕ ಮುಗಿಯಲಿಲ್ಲ.

ಗುಡಿಯ ಪೂಜಾರಿ ಅಯ್ಯಣ್ಣ ಅವಳ ಅಂಗೈಗೆ ಭಂಡಾರ ಹಾಕಿದ. ಬೀರಪ್ಪನ ಅರಿಸಿನ ಅದು, ಹಿಡಿದು ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ.

“ಮಗಳ ಕಾಲಿಗಿ ಉಣ್ಣಿ ಹಾಕೀದೇನವ್ವ?”

“ಹಾಕೀನ್ರಿ. ನನ್ನ ಮಗಳ ಕಾಲಿಗೇ ಹಾಕೀನಿ.”

“ಬಾಣಂತೀನ ಯಾರರ ನೋಡೀರೇನು?” ಪಟ್ಟಿಯವನು ನಡುವೆ ಬಾಯಿ ಹಾಕಿದ. “ಅಕಿ ರೇಣಮ್ಮನೇ ಹೌದು ಅಂತ ಯಾರು ಹೇಳ್ತೀರಿ?”

ಹೆಂಗಸರ ನಡುವಿನಿಂದ ಸೂಗಮ್ಮ ಎದ್ದು ನಿಂತಳು. ಬೆಳೆಯಲ್ಲಿ ಕುರಿ ಬಿಟ್ಟ ಜಗಳಕ್ಕೆ ಬಾಲಮ್ಮನ ಜೊತೆ ಮಾತು ಬಿಟ್ಟವಳು, ಮದುವೆಯ ಉಣ್ಣೆಗೂ ಅವಳ ಬಾಗಿಲಿಗೆ ಬಾರದಿದ್ದ ಒಬ್ಬಳೇ ಹೆಂಗಸು. ಬಾಲಮ್ಮ ಕಣ್ಣು ಮುಚ್ಚಿಕೊಂಡಳು.

“ನಾ ನೋಡೀನ್ರಿ. ಕೂಸಿನ ಹುರಿ ಕೊಯ್ದಾಕೀನೇ ನಾನು. ರೇಣಮ್ಮನೇ. ತಾಯಿ ಬಾಯಿ ಬಡಕಿ ಆದ್ರೂ ಮಗಳು ಬಂಗಾರದಂಥಾಕಿ,” ಎಂದು ಹೇಳಿ, ಬಾಲಮ್ಮನ ಕಡೆ ತಿರುಗಿಯೂ ನೋಡದೆ ಕೂತಳು. ಅದರ ಹಿಂದೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ತಾನು ಬಾಣಂತಿಗೆ ಕೊಬ್ಬರಿ ಖಾರ ಕಳಿಸಿದ್ದೇನೆ ಎಂದಳೊಬ್ಬಳು, ಗೋಗಿಯಿಂದ ಗಾಡಿ ಹೊಡೆದುಕೊಂಡು ಬಂದವನೇ ತಾನು ಎಂದನೊಬ್ಬ. ಪಟ್ಟಿಯವನ ನಗು ಹೋಯಿತು.

ಅಯ್ಯಣ್ಣ ತೀರ್ಪು ಹೇಳಬೇಕಾಯಿತು. ಹಗುರ ಶಿಕ್ಷೆ ಕೊಟ್ಟರೆ ಆಟ ಎಂದು ಪಟ್ಟಿಯವನಿಗೆ ತಿಳಿದುಬಿಡುತ್ತದೆ. ಅವಳ ಮುಖ ನೋಡದೆ ಹೇಳಿದ.

“ಇನ್ನ ಮುಂದ ಈ ಕೈ ಕಂಕಣದ ಉಣ್ಣಿ ಮುಟ್ಟಬಾರದು. ಸಾಯೂತನಾ.”

ಬಾಲಮ್ಮ ಅಲ್ಲೇ ಕುಸಿದು ಕೂತು ಎದೆ ಬಡಿದುಕೊಂಡು ಅತ್ತಳು. ಅದರಲ್ಲಿ ನಾಟಕ ಒಂದಿಷ್ಟೂ ಇರಲಿಲ್ಲ. ಅಳುವನ್ನು ನೋಡಿಯೇ ಪಟ್ಟಿಯವನಿಗೆ ನಂಬಿಕೆ ಬಂದಿರಬೇಕು. ಸಂಜೆಯೊಳಗೆ ಗುಂಪು ಊರು ಬಿಟ್ಟಿತು. ಅವರನ್ನು ಕಳಿಸಿ ಬಂದ ತಾಯಪ್ಪ ಅವಳ ಅಂಗಳದಲ್ಲಿ ನಿಂತು, ಗೋಡೆಗೆ ಹೇಳುವವನ ಹಾಗೆ, “ಅಕಿ ಮಂದಿ ಬಂದು ಕರಕೊಂಡು ಹೋಗೂತನಾ ಆ ಮೋಜಾ ಬಿಚ್ಚಬ್ಯಾಡ” ಎಂದು ಹೇಳಿ ಹೋದ.

ತಿಂಗಳ ಮೇಲೆ ಮಾಸ್ತರನೇ ಬಂದ, ಜೀವಂತವಾಗಿ. ಹೆಂಡತಿ ಮಗುವನ್ನು ರೈಲಿಗೆ ಹತ್ತಿಸಿಕೊಂಡು ಹೈದರಾಬಾದಿಗೆ ಹೋದ. ಬಾಲಮ್ಮನ ಶಿಕ್ಷೆ ಮಾತ್ರ ಉಳಿಯಿತು. ನಾಲ್ಕು ವರ್ಷದ ನಂತರ ಕಿರಿಯ ಮಗಳು ಶಂಕ್ರಮ್ಮನ ಮದುವೆ ಗೊತ್ತಾಯಿತು. ಕಂಕಣದ ಎಳೆಯನ್ನು ಬೇರೆಯವರ ಕೈಯಿಂದ ನೂಲಿಸಬೇಕೆಂದಾಗ ಅವಳು ಎರಡು ದಿನ ಊಟ ಬಿಟ್ಟಳು. ಅಯ್ಯಣ್ಣನಿಗೆ ತಡೆಯಲಾಗಲಿಲ್ಲ. ಮನೆಗೆ ಬಂದು ಕೂತ.

“ಬಾಲಮ್ಮ, ಈಗ ಯಾರ ಅಂಜಿಕೀನೂ ಇಲ್ಲ. ದೈವ ಕೂಡಸ್ತೀನಿ. ಮಗಳಲ್ಲ, ಯಾರೋ ಪರರ ಹೆಂಗಸು ಅಂತ ಒಂದು ಮಾತು ಹೇಳಿಬಿಡು. ಪರರ ಕಾಲಿಗಿ ನಮ್ಮ ಕಟ್ಟಳಿ ಇಲ್ಲ. ತಪ್ಪು ಎತ್ತಿಬಿಡ್ತೀವಿ.”

ಬಾಲಮ್ಮ ತನ್ನ ಕೈ ನೋಡಿಕೊಂಡಳು. ಎಷ್ಟು ಆಸೆಯಾಯಿತೆಂದು ಅವಳಿಗೇ ಗೊತ್ತು.

“ಭಂಡಾರ ಹಿಡಿದು ಮಗಳು ಅಂದೀನ್ರಿ,” ಅಂದಳು. “ಒಬ್ಬ ಮಗಳ ಕಂಕಣಕ್ಕಂತ ಇನ್ನೊಬ್ಬಾಕೀನ ಮಗಳಲ್ಲ ಅನ್ನಲೇನು? ಸೂಗಮ್ಮಗ ಹೇಳ್ರಿ, ಅಕಿ ನೂಲಲಿ.”